ಫಿರಂಗಿ ಎಳೆದ ಎತ್ತುಗಳೂ ನಾಲ್ಕು ವರ್ಷದ ಸಿಪಾಯಿಯೂ

2025ರ ದೀಪಾವಳಿಗೆ ನನ್ನ ತಂಗಿಯ ಮಗ ರಜೆಯ ಮೇಲೆ ಊರಿಗೆ ಬಂದಿದ್ದ. ಸೇನೆಯಲ್ಲಿ ಅಗ್ನಿವೀರ. 2023ರ ಜನವರಿಯಲ್ಲಿ ತರಬೇತಿಗೆ ಹೋದ ಮೊದಲ ತಂಡದವನು. ಹಬ್ಬ ಮುಗಿದ ಮೂರನೇ ದಿನ ಅವನಿಗೆ ಹೆಣ್ಣು ನೋಡಲೆಂದು ಗಡಿ ದಾಟಿ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಉಪ್ಪಿಟ್ಟು, ಕಾಫಿ ಆಯಿತು. ಹುಡುಗಿಯ ತಂದೆ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿ, "ಎಲ್ಲಾ ಸರಿ ಭಾವ, ಹುಡುಗ ಪರ್ಮನೆಂಟಾ, ಇಲ್ಲ ನಾಕ್ ವರ್ಷದೋನಾ?" ಅಂದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಣ್ಣು ಹೆತ್ತವರು ಕೇಳಬೇಕಾದದ್ದೇ. ಆದರೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ, ಹುಡುಗನ ಹತ್ತಿರವೂ ಇರಲಿಲ್ಲ. ದೆಹಲಿಯಲ್ಲಿ ಯಾರ ಹತ್ತಿರವಾದರೂ ಇದೆಯೋ ಏನೋ.

ನಮ್ಮ ಸೆಟ್ಟೂರು ಅನಂತಪುರ ಜಿಲ್ಲೆಯಲ್ಲಿ, ಕಲ್ಯಾಣದುರ್ಗದ ಪಕ್ಕದ ಮಂಡಲ. ಕಚೇರಿ ಕಾಗದವೆಲ್ಲ ತೆಲುಗು. ಎಷ್ಟೋ ಮನೆಗಳ ಅಡುಗೆಮನೆ ಕನ್ನಡ. ಶೇಂಗಾ ಬಿತ್ತುವುದು, ಮಳೆ ನೋಡುವುದು, ಮಳೆ ಬಾರದಿದ್ದರೆ ಬೆಂಗಳೂರು ಬಸ್ಸು ಹತ್ತುವುದು ಇಲ್ಲಿಯವರ ಬದುಕು. ಇಂಥ ಊರುಗಳಿಂದ ಹುಡುಗರು ಸೇನೆಗೆ ಹೋಗುವುದು ದೇಶಭಕ್ತಿಯಿಂದ ಮಾತ್ರ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ದೇಶಭಕ್ತಿಯೂ ಉಂಟು, ತಿಂಗಳ ಸಂಬಳವೂ ಉಂಟು. ಹಿಂದೆಯಾದರೆ ಹದಿನೈದು ವರ್ಷ ದುಡಿದು ಬಂದವನಿಗೆ ಪಿಂಚಣಿ ಉಂಟೆಂಬ ಧೈರ್ಯವೂ ಇತ್ತು. ಈಗ ಇಲ್ಲದಿರುವುದು ಆ ಧೈರ್ಯ.

ಸರ್ಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿದ್ದು 2022ರ ಜೂನ್ 14ರಂದು. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಶೇಕಡಾ 30 ಹಿಡಿದಿಟ್ಟು, ಸರ್ಕಾರವೂ ಅಷ್ಟೇ ಸೇರಿಸಿ, ಕೊನೆಯಲ್ಲಿ ಬಡ್ಡಿ ಸಮೇತ ಸುಮಾರು 11.71 ಲಕ್ಷ ರೂಪಾಯಿ ಕೈಗೆ ಕೊಡುತ್ತಾರೆ. ನೂರರಲ್ಲಿ 25 ಮಂದಿಯವರೆಗೆ ಕಾಯಂ ಆಗುತ್ತಾರೆ. ಮಿಕ್ಕವರು ಮನೆಗೆ. ಅವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಸೇನೆಯ ಸರಾಸರಿ ವಯಸ್ಸು 32ರಿಂದ 26ಕ್ಕೆ ಇಳಿಯಬೇಕು, ಹಿಮದ ಬೆಟ್ಟ ಹತ್ತಲು ಎಳೆ ಕಾಲುಗಳು ಬೇಕು ಎಂಬುದು ಸರ್ಕಾರ ಕೊಟ್ಟ ಕಾರಣ. ಆ ಕಾರಣ ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದು ಲೆಕ್ಕವಿದೆ. ಅದನ್ನು ನಾವು ರೈತರು ಬೇಗ ಹಿಡಿಯುತ್ತೇವೆ, ಏಕೆಂದರೆ ಅದು ಬರಗಾಲದ ಲೆಕ್ಕ.

2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6,81,210 ಕೋಟಿ ರೂಪಾಯಿ. ನನಗಂತೂ ಅಷ್ಟು ಸೊನ್ನೆ ಎಣಿಸಲು ಬಾರದು. ಆದ್ದರಿಂದ ಅದನ್ನು ನೂರು ರೂಪಾಯಿ ನೋಟೆಂದು ತಿಳಿಯೋಣ. ಅದರಲ್ಲಿ 29 ರೂಪಾಯಿ ಸಂಬಳ, ಭತ್ಯೆಗೆ. 24ಕ್ಕೆ ಸ್ವಲ್ಪ ಕಡಿಮೆ ಪಿಂಚಣಿಗೆ. ಗುಂಡು, ಇಂಧನ, ರಿಪೇರಿ, ದಿನದ ನಡವಳಿಕೆಗೆ 17. ಹೊಸ ವಿಮಾನ, ಫಿರಂಗಿ, ಹಡಗು ಕೊಳ್ಳಲು ಉಳಿಯುವುದು 26. ಮಿಕ್ಕ ಚಿಲ್ಲರೆ ಇಲಾಖೆಯ ಇತರ ಖರ್ಚಿಗೆ. ಅಂದರೆ ನೋಟಿನ ಅರ್ಧಕ್ಕಿಂತ ಹೆಚ್ಚು ದುಡಿಯುತ್ತಿರುವವರಿಗೂ ದುಡಿದು ಬಂದವರಿಗೂ ಹೋಗುತ್ತದೆ. ಪಿಂಚಣಿ ಪಡೆಯುವವರೇ 34 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ನೋಡಿದರೆ 1980ರ ದಶಕದ ಕೊನೆಯಲ್ಲಿ ರಕ್ಷಣೆಗೆ ಶೇಕಡಾ 3ಕ್ಕೂ ಮೇಲೆ ಹೋಗುತ್ತಿತ್ತು. 2025-26ರಲ್ಲಿ ಅದು 2ಕ್ಕಿಂತ ಕೆಳಗೆ. ರೂಪಾಯಿ ಹೆಚ್ಚಿದೆ, ಪಾಲು ತಗ್ಗಿದೆ. ಅತ್ತ ಚೀನಾ, ಇತ್ತ ಪಾಕಿಸ್ತಾನ, ಎರಡು ಬೇಲಿ ಕಾಯುವ ಕೆಲಸ ಮಾತ್ರ ಹಾಗೇ ಇದೆ.

ಹೀಗೆ ಕೈ ಬಿಗಿಯಾದಾಗ ಮನೆ ಯಜಮಾನ ಏನು ಮಾಡುತ್ತಾನೆ? ನಾನು ಮಾಡಿದ್ದನ್ನು ಹೇಳುತ್ತೇನೆ.

2002ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಗೆ ಮೇವಿನ ಬಣವೆ ಬರಿದಾಯಿತು. ಹಳ್ಳಿಕಾರ್ ಜೋಡಿ ಇತ್ತು, ಏಳು ವರ್ಷದ ಪ್ರಾಯ. ಸುಮ್ಮನೆ ನಿಂತು ತಿನ್ನುತ್ತವೆ, ದಿನಕ್ಕೆ ಇಷ್ಟು ದುಡ್ಡಿನ ಮೇವು ಎಂದು ನನ್ನ ಹೆಂಡತಿಯ ಮುಂದೆ ಲೆಕ್ಕ ಒಪ್ಪಿಸಿದೆ. ಅವಳು ಬೇಡವೆಂದಳು. ಸಂತೆಗೆ ಹೊಡೆದುಕೊಂಡು ಹೋಗಿ ಹದಿನೆಂಟು ಸಾವಿರಕ್ಕೆ ಕೊಟ್ಟು ಬಂದೆ. ಮುಂದಿನ ಪುನರ್ವಸುವಿನಲ್ಲಿ ಒಂದೇ ಒಂದು ಒಳ್ಳೆಯ ಮಳೆ ಬಿತ್ತು. ಊರಿನವರೆಲ್ಲ ಕೂರಿಗೆ ಕಟ್ಟಿದರು. ನಾನು ಬಾಡಿಗೆ ಎತ್ತಿಗಾಗಿ ಮನೆಮನೆ ಅಲೆದೆ. "ನಮ್ದು ಮುಗೀಲಿ ಅಣ್ಣ" ಅಂದರು. ಅವರದು ಮುಗಿಯುವ ಹೊತ್ತಿಗೆ ನನ್ನ ಹೊಲದ ಹದ ಆರಿತ್ತು. ಬಿತ್ತನೆ ಬೀಜ ಮನೆಯಲ್ಲೇ ಉಳಿಯಿತು. ಅದರ ಮರುವರ್ಷ ಅಂಥದೇ ಒಂದು ಜೋಡಿಗೆ ಮೂವತ್ತೆರಡು ಸಾವಿರ ಕೊಟ್ಟೆ. ಅವು ನನ್ನ ಮಾತಿಗೆ, ನನ್ನ ಹೊಲದ ತಿರುವಿಗೆ ಹೊಂದಿಕೊಳ್ಳಲು ಮತ್ತೊಂದು ವರ್ಷ ಹಿಡಿಯಿತು. ತೆಲುಗಿನಲ್ಲಿ 'ಪೊದುಪು' ಎಂದರೆ ಮಿತವ್ಯಯ, 'ಪಿಸಿನಾರಿತನಂ' ಎಂದರೆ ಜಿಪುಣತನ. ಎರಡೂ ಭಾಷೆಯಲ್ಲಿ ಪದ್ಯ ಬರೆಯುವ ನನಗೆ ಈ ಎರಡು ಮಾತಿನ ನಡುವಿನ ಗೆರೆ ಆ ವರ್ಷ ಗೊತ್ತಾಯಿತು.

ನಾನು ಹಳ್ಳಿಯ ಎಸೆಸೆಲ್ಸಿ ಗಿರಾಕಿ, ಎಡವಿದೆ. ಆದರೆ ಇದೇ ತಪ್ಪನ್ನು, ಎತ್ತಿನ ವಿಷಯದಲ್ಲೇ, ಒಂದು ಸಾಮ್ರಾಜ್ಯ ಮಾಡಿದ್ದು ಈ ಗಡಿಯ ಪಕ್ಕದ ಕಾವಲುಗಳಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ.

ಅಮೃತ ಮಹಲ್ ತಳಿಯ ಹೆಸರು ಕೇಳದ ರೈತ ಇಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ಅರಮನೆಯ ದನದ ಇಲಾಖೆಯನ್ನು ಹೈದರಾಲಿ ಯುದ್ಧಕ್ಕೆ ಹೂಡಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಹಸು ಹಾಲಿಗೆ, ಹೋರಿ ಫಿರಂಗಿಗೆ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲನ್ನು ಇವಕ್ಕೆಂದೇ 'ಕಾವಲು' ಎಂದು ಕಾದಿಟ್ಟರು. ಈ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ಹೋದ, ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹಿಂದೆ ಸರಿದ ಎಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಕೊಳ್ಳೆಯ ಜೊತೆಗೆ ಈ ಹಿಂಡನ್ನೂ ತಮ್ಮದಾಗಿಸಿಕೊಂಡರು. ಅವರ ಫಿರಂಗಿಗಳನ್ನೂ ಇವೇ ಎಳೆದವು.

ಆಮೇಲೆ ಬಂತು 1857ರ ದಂಗೆ. ದಂಗೆ ಅಡಗಿತು, ಖಜಾನೆ ಬರಿದಾಯಿತು. ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನರ ಕಾಲದಲ್ಲಿ, 1860ರಲ್ಲಿ, ಮಿತವ್ಯಯದ ಹೆಸರಿನಲ್ಲಿ ಅಮೃತ ಮಹಲ್ ಹಿಂಡುಗಳನ್ನು ಹರಾಜು ಹಾಕಿದರು. ಯುದ್ಧವಿಲ್ಲದಾಗ ಸುಮ್ಮನೆ ಮೇಯುತ್ತವೆ, ಬೇಕಾದಾಗ ಪೇಟೆಯಲ್ಲಿ ಕೊಂಡರಾಯಿತು ಎಂಬ ಲೆಕ್ಕವಿದ್ದಿರಬೇಕು. ನನ್ನ ಲೆಕ್ಕವೇ ಅದು! ಬೇಗನೇ ಗೊತ್ತಾಯಿತು, ಅಂಥ ಎತ್ತು ಪೇಟೆಯಲ್ಲಿ ಸಿಗುವುದಿಲ್ಲವೆಂದು. 1866ರಲ್ಲಿ ಚದುರಿದ್ದನ್ನು ಹುಡುಕಿ ತಂದು ಮತ್ತೆ ಹಿಂಡು ಕಟ್ಟಲು ಕುಳಿತರು. ಒಂದು ತಳಿ ಕಟ್ಟಲು ನೂರೈವತ್ತು ವರ್ಷ ಹಿಡಿದಿತ್ತು, ಹರಾಜು ಹಾಕುವ ಹುಕುಂ ಬರೆಯಲು ಒಂದು ಮಧ್ಯಾಹ್ನ ಸಾಕಾಗಿರುತ್ತದೆ.

ಇದನ್ನೇಕೆ ಹೇಳಿದೆನೆಂದರೆ, ನಮ್ಮ ಕಾಲದಲ್ಲೂ ಇದರ ಮರಿಮಕ್ಕಳು ಹುಟ್ಟಿವೆ. 1986ರಲ್ಲಿ 410 ಬೋಫೋರ್ಸ್ ಫಿರಂಗಿ ಕೊಂಡೆವು. ಹಗರಣವಾಯಿತು. ಹಗರಣದ ಭಯ, ದುಡ್ಡಿನ ಬಿಗಿ ಎರಡೂ ಸೇರಿ ಆಮೇಲೆ ಸುಮಾರು ಮೂವತ್ತು ವರ್ಷ ದೊಡ್ಡ ಫಿರಂಗಿಯನ್ನೇ ಹೊರಗಿನಿಂದ ಹೊಸದಾಗಿ ತರಲಿಲ್ಲ. ಅಮೆರಿಕದ ಎಂ-777 ಬಂದದ್ದು 2017ರಲ್ಲಿ. ನಡುವೆ 1999ರಲ್ಲಿ ಕಾರ್ಗಿಲ್ ಬಂತು. ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಮಲಿಕ್, ನಮ್ಮ ಹತ್ತಿರ ಏನಿದೆಯೋ ಅದರಲ್ಲೇ ಹೋರಾಡುತ್ತೇವೆ ಎಂಬರ್ಥದ ಮಾತು ಹೇಳಬೇಕಾಯಿತು. ಇನ್ನೊಂದು ಹೀಗಿದೆ: ಚೀನಾ ಗಡಿಗೆಂದು 2013ರಲ್ಲಿ ಬೆಟ್ಟದ ಯುದ್ಧದ ಹೊಸ ದಂಡೊಂದನ್ನು, ಸುಮಾರು 90 ಸಾವಿರ ಜನ, ಸುಮಾರು 64 ಸಾವಿರ ಕೋಟಿಯ ಲೆಕ್ಕದಲ್ಲಿ ಕಟ್ಟಲು ಒಪ್ಪಿಗೆ ಸಿಕ್ಕಿತು. ಅರ್ಧ ಕಟ್ಟಿದ ಮೇಲೆ ಹಣವಿಲ್ಲವೆಂದು 2018ರ ಹೊತ್ತಿಗೆ ನಿಲ್ಲಿಸಿದರು. ಆ ವರ್ಷವೇ ಸೇನೆಯ ಉಪ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ, ನಮ್ಮ ಸಲಕರಣೆಯಲ್ಲಿ ಶೇಕಡಾ 68 ಹಳೆಯ ಕಾಲದ್ದು ಎಂದು ಹೇಳಿದರು. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ನಮ್ಮ 20 ಮಂದಿ ಯೋಧರು ಪ್ರಾಣ ಕೊಟ್ಟರು. ಆ ಚಳಿಗಾಲಕ್ಕೆ ಸಾವಿರಾರು ಸೈನಿಕರನ್ನು ಲಡಾಖ್ ಬೆಟ್ಟದ ಮೇಲೆ ನಿಲ್ಲಿಸಬೇಕಾಗಿ ಬಂದು, ಅಮೆರಿಕದಿಂದ ಬೆಚ್ಚನೆಯ ಉಡುಪನ್ನು ಅವಸರದಲ್ಲಿ ತರಿಸಿಕೊಂಡರು. ದಂಡು ಪೂರ್ತಿ ಇದ್ದಿದ್ದರೆ ಗಾಲ್ವಾನ್ ಆಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ, ಅದು ದೊಡ್ಡವರ ವಿಷಯ. ಹದ ಬಂದಾಗ ಎತ್ತು ಹುಡುಕುವ ಪಾಡು ಮಾತ್ರ ನನಗೆ ಚೆನ್ನಾಗಿ ಗೊತ್ತು.

ದುಡ್ಡೇ ಇಲ್ಲವೇ ಎಂದರೆ ಅದೂ ಪೂರ್ತಿ ನಿಜವಲ್ಲ. 2024-25ರಲ್ಲಿ ಹೊಸ ಸಲಕರಣೆಗೆಂದು 1,72,000 ಕೋಟಿ ಇಟ್ಟಿದ್ದರು. ವರ್ಷದ ಕೊನೆಗೆ ಪರಿಷ್ಕರಿಸಿದಾಗ ಅದು 1,59,500 ಕೋಟಿಗೆ ಇಳಿಯಿತು. ಹನ್ನೆರಡೂವರೆ ಸಾವಿರ ಕೋಟಿ ಖರ್ಚಾಗಲಿಲ್ಲ. ಕೊಳ್ಳುವ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದರೊಳಗೆ ವರ್ಷವೇ ಮುಗಿದಿರುತ್ತದೆ. ಬೆಂಗಳೂರಿನ ಎಚ್‌ಎಎಲ್‌ಗೆ 83 ತೇಜಸ್ ವಿಮಾನಗಳ ಗುತ್ತಿಗೆ ಕೊಟ್ಟದ್ದು 2021ರ ಫೆಬ್ರುವರಿಯಲ್ಲಿ. ಅಮೆರಿಕದಿಂದ ಎಂಜಿನ್ ಬರುವುದು ತಡವಾಯಿತು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 26ರಂದು ಮಿಗ್-21 ಕೊನೆಯ ಸಲಾಮು ಹೊಡೆದು ನಿವೃತ್ತಿಯಾಯಿತು. ಇರಬೇಕಾದ 42 ಸ್ಕ್ವಾಡ್ರನ್‌ಗಳಲ್ಲಿ ಆ ದಿನಕ್ಕೆ ಉಳಿದದ್ದು 29.

ನಮ್ಮ ಪಕ್ಕದ ಕಾವಲುಗಳ ಕಥೆ ಏನಾಯಿತು ಎಂದು ಕೇಳಬಹುದು. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನಲ್ಲಿ ಈಗ ಎತ್ತಿಲ್ಲ, ಗೋಡೆ ಇದೆ. ವರವು ಕಾವಲು, ಖುದಾಪುರದ ಕಡೆ ಡಿಆರ್‌ಡಿಒಗೆ 4,290 ಎಕರೆ ಕೊಟ್ಟರು. ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುವ ನೆಲೆ ಅಲ್ಲಿ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅಣುಶಕ್ತಿಯವರಿಗೆ, ಇಸ್ರೋಗೆ, ವಿಜ್ಞಾನ ಮಂದಿರಕ್ಕೂ ಜಾಗ ಹೋಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಅಲ್ಲಿ ಹಾರಿಸಿದ 'ತಪಸ್' ವಿಮಾನ 30 ಸಾವಿರ ಅಡಿ ಎತ್ತರ, 24 ತಾಸು ಹಾರಬೇಕಿತ್ತು. 28 ಸಾವಿರ ಅಡಿ, 18 ತಾಸು ಮುಟ್ಟಿತು. 2023ರ ಆಗಸ್ಟ್‌ನಲ್ಲಿ ಒಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. 2024ರ ಆರಂಭದಲ್ಲಿ ಆ ಯೋಜನೆಯ ಆದ್ಯತೆಯನ್ನು ತಗ್ಗಿಸಿದರು. ಅದೇ ಅಕ್ಟೋಬರಿನಲ್ಲಿ ಅಮೆರಿಕದಿಂದ 31 ಡ್ರೋನ್‌ಗಳನ್ನು ಸುಮಾರು 32 ಸಾವಿರ ಕೋಟಿಗೆ ಕೊಳ್ಳುವ ಒಪ್ಪಂದವಾಯಿತು. ಕರು ಇನ್ನೂ ನೊಗಕ್ಕೆ ಬರಲಿಲ್ಲವೆಂದು ದೊಡ್ಡಿಯಿಂದ ಹೊರಗೆ ಕಟ್ಟಿ, ಸಾಲ ಮಾಡಿ ಪರಊರಿನ ಎತ್ತು ತಂದ ಹಾಗಾಯಿತು. ಕುರಿಗಾರನ ಹುಲ್ಲೂ ಹೋಯಿತಲ್ಲ ಎಂಬ ಸಂಕಟ ಬೇರೆ.

ಮನುಷ್ಯರ ವಿಷಯಕ್ಕೆ ಬರೋಣ. ಯೋಧರನ್ನು ಎತ್ತಿಗೆ ಹೋಲಿಸಿದನೆಂದು ಯಾರೂ ಸಿಟ್ಟಾಗಬಾರದು. ರೈತನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೋಲಿಕೆ ಇಲ್ಲ. ಹೋರಿಗರುವನ್ನು ನಾವು ಮೂರು ನಾಲ್ಕು ವರ್ಷಕ್ಕೆ ಪಳಗಿಸಲು ಹಿಡಿಯುತ್ತೇವೆ. ಏಳಕ್ಕೆ ಅದು ತುಂಬು ಎತ್ತು. ನಾಲ್ಕನೇ ವರ್ಷಕ್ಕೆ ಯಾರೂ ಮಾರುವುದಿಲ್ಲ, ಮಾರಿದರೆ ಊರೇ ನಗುತ್ತದೆ.

ನಮ್ಮೂರಿನಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದ ಒಬ್ಬ ಹಿರಿಯರಿದ್ದಾರೆ. ಹೆಣ್ಣು ನೋಡಿ ಬಂದ ಸಂಜೆ ಅರಳಿಕಟ್ಟೆಯ ಮೇಲೆ ನನ್ನ ಅಳಿಯನೂ ಅವರೂ ಕೂತಿದ್ದರು. ನಾನೂ ಹೋಗಿ ಕೂತೆ. ಅವರೆಂದರು: "ಬಂದೂಕು ಹಿಡಿಯೋದು ಆರು ತಿಂಗ್ಳಲ್ಲಿ ಕಲಿಸ್ಬೋದು ಕಣಪ್ಪ. ಪಕ್ಕದೋನು ಬಿದ್ದಾಗ ಓಡ್ದೆ ನಿಲ್ಲೋದು ಎಷ್ಟು ವರ್ಷಕ್ಕೆ ಬರ್ತದೆ ಅಂತ ಯಾರೂ ಬರೆದಿಟ್ಟಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನನ್ ಪಿಂಚಣಿ ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ. ಅದ್ಕೆ ಈ ಹುಡುಗನ್ ತಟ್ಟೆಗೆ ಕೈ ಹಾಕಿದ್ರು" ಎಂದು ನೆಲ ನೋಡಿದರು.

ಅಳಿಯ ಅವರನ್ನೇ ತಡೆದ. "ಹಂಗನ್ಬ್ಯಾಡಿ ತಾತ. ನನ್ನ ಸೆಕ್ಷನ್ನಲ್ಲಿ ಯಾರೂ ನನ್ನ ನಾಕ್ ವರ್ಷದೋನು ಅಂತ ನೋಡಲ್ಲ. ಗುಂಡು ಬಂದಾಗ ಎಲ್ಲಾ ಒಂದೇ."

ಗುಂಡಿಗೆ ಎಲ್ಲರೂ ಒಂದೇ ಎಂಬುದು ನಿಜ. ನಮ್ಮ ಹಿಂದೂಪುರ ಸೀಮೆಯ ಗೋರಂಟ್ಲ ಮಂಡಲದ ಕಲ್ಲಿ ತಾಂಡಾದ ಅಗ್ನಿವೀರ ಮುರಳಿ ನಾಯಕ್ 2025ರ ಮೇ 9ರಂದು, ಸಿಂಧೂರ ಕಾರ್ಯಾಚರಣೆಯ ಹೊತ್ತಿನಲ್ಲಿ, ಗಡಿ ನಿಯಂತ್ರಣ ರೇಖೆಯಲ್ಲಿ ಹುತಾತ್ಮನಾದ. ತಾಂಡಾಕ್ಕೆ ಜನ ಹೊಳೆಯಾಗಿ ಹರಿದರು. ವಿಮೆ, ಪರಿಹಾರದ ಮೊತ್ತ ಅಗ್ನಿವೀರರ ಕುಟುಂಬಕ್ಕೂ ಉಂಟು, ಚಿಕ್ಕದಲ್ಲ. ಆದರೆ ಕಾಯಂ ಯೋಧನ ಕುಟುಂಬಕ್ಕೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಯೋಜನೆಯ ನಿಯಮದಲ್ಲಿ ಇಲ್ಲ. ಗುಂಡು ಮಾಡದ ಭೇದವನ್ನು ಕಡತ ಮಾಡಿತು.

ಇನ್ನೊಂದು ಲೆಕ್ಕವನ್ನು ಹವಾಲ್ದಾರರು ಬೆರಳ ಮೇಲೆ ತೋರಿಸಿದರು. ಸಿಪಾಯಿಗೆ ಪಿಂಚಣಿ ಸಿಗಲು ಹದಿನೈದು ವರ್ಷದ ಸೇವೆ ಬೇಕು. 2022ರ ಕೊನೆಯಲ್ಲಿ ಹಳೇ ಕ್ರಮದಲ್ಲೇ ಸೇರಿದ್ದರೆ ಇವನಿಗೆ ಪಿಂಚಣಿ ಶುರುವಾಗುತ್ತಿದ್ದುದು 2037ರ ಆಚೆಗೆ. ಅಂದರೆ ಅಗ್ನಿಪಥದಿಂದ ಪಿಂಚಣಿಯ ಬಾಬ್ತಿನಲ್ಲಿ ಉಳಿಯುವ ದುಡ್ಡು ಕಣ್ಣಿಗೆ ಕಾಣಲು ಅಲ್ಲಿಯವರೆಗೆ ಕಾಯಬೇಕು. ಈಗ ಪಡೆಯುತ್ತಿರುವ 34 ಲಕ್ಷ ಜನರ ಬಾಬ್ತು ಒಂದು ಪೈಸೆಯೂ ಇಳಿಯದು. ಪಳಗಿದ ಕೈಗಳು ಮಾತ್ರ 2026ರ ಕೊನೆಯಿಂದಲೇ ಹೊರಗೆ. ಉಳಿತಾಯ ಹದಿನೈದು ವರ್ಷ ದೂರ, ನಷ್ಟ ಬಾಗಿಲಲ್ಲಿ. ಇದನ್ನು ಕೇಳಿದಾಗ ನನಗೆ ಸಂತೆಯಲ್ಲಿ ಎಣಿಸಿಕೊಂಡ ಆ ಹದಿನೆಂಟು ಸಾವಿರ ನೆನಪಾಯಿತು.

ಹಾಗಾದರೆ ಏನು ಮಾಡಬೇಕಿತ್ತು? ಎಲ್ಲರನ್ನೂ ಕಾಯಂ ಮಾಡಿ ಎನ್ನಲು ಬಾಯಿ ಬರುವುದಿಲ್ಲ. ಬೊಕ್ಕಸವೂ ಒಂದು ಹೊಲವೇ, ಅದರ ಬೆಳೆಗೂ ಮಿತಿ ಇದೆ. ಹಿಮದಲ್ಲಿ ಎಳೆಯರು ಬೇಕೆಂಬುದೂ ಸರಿ. ನನ್ನ ಬುದ್ಧಿಗೆ ತೋಚುವುದಿಷ್ಟು: ನೂರಕ್ಕೆ 25 ಎಂಬುದನ್ನು ಕನಿಷ್ಠ ಅರ್ಧಕ್ಕೆ ಏರಿಸಬೇಕು. ಹೊರಗೆ ಬರುವವರನ್ನು ಪೂರ್ತಿ ಕೈಬಿಡದೆ, 1949ರಿಂದ ನಡೆದು ಬಂದಿರುವ ಟೆರಿಟೋರಿಯಲ್ ಆರ್ಮಿಯಂಥ ಪಡೆಯಲ್ಲಿ ಹೆಸರು ಬರೆಸಿ, ವರ್ಷಕ್ಕೆ ಒಂದೆರಡು ತಿಂಗಳು ಕರೆಸಿ ಕೈ ಪಳಗಿಸಬೇಕು, ಆ ತಿಂಗಳುಗಳ ಸಂಬಳ ಕೊಡಬೇಕು. ಕರೆದರೆ ಬರುವ ಪಳಗಿದವರು ಹಳ್ಳಿಹಳ್ಳಿಯಲ್ಲಿ ಇದ್ದಂತಾಯಿತು, ವರ್ಷವಿಡೀ ಮೇವು ಹಾಕಿದಂತೆಯೂ ಆಗಲಿಲ್ಲ. ಕೇಂದ್ರದ ಪೊಲೀಸ್ ಪಡೆಗಳಲ್ಲಿ ಶೇಕಡಾ 10 ಮೀಸಲು ಎಂದು 2022ರಲ್ಲಿ ಹೇಳಿದ್ದರು. ಒಳ್ಳೆಯದೇ. ಆದರೆ ಮೀಸಲು ಎಂದರೆ ಕೆಲಸವಲ್ಲ, ಅರ್ಜಿ ಹಾಕಲು ಒಂದು ಸಾಲು. ಗಡಿನಾಡಿನ ಕನ್ನಡಿಗರಿಗೆ ಮೀಸಲಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರಜೆ ಮುಗಿದು ಅಳಿಯ ಹೊರಟ ದಿನ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹಿಡಿದು ಹೋದೆ. "ಮಾಮಾ, ಕಾಯಂ ಆಗ್ದಿದ್ರೆ ಆ ಹನ್ನೊಂದು ಲಕ್ಷದಲ್ಲಿ ಟ್ರ್ಯಾಕ್ಟರ್ ತರೋಣ" ಅಂದ. ಟ್ರ್ಯಾಕ್ಟರ್ ತಂದರೆ ಓಡಿಸಲು ಹೊಲ ಎಲ್ಲಿದೆ, ನಮ್ಮದು ನಾಲ್ಕೂವರೆ ಎಕರೆ ಖುಷ್ಕಿ. ಆ ಮಾತು ಆಡಲಿಲ್ಲ. ಕಲ್ಯಾಣದುರ್ಗದ ಬಸ್ಸು ಬಂತು, ಹತ್ತಿದ.

ವಾರದ ಮೇಲೆ ಹುಡುಗಿಯ ಮನೆಯಿಂದ ಫೋನು ಬಂತು. ಹುಡುಗ ಒಪ್ಪಿಗೆಯಂತೆ, ಜಾತಕವೂ ಕೂಡಿದೆಯಂತೆ. "ಅವಸರ ಏನಿದೆ ಭಾವ, 2026 ಮುಗೀಲಿ, ನೋಡೋಣ" ಅಂದರು.